ತೋಟದಂಚಿನ ಆಹಾರ ಶಿಬಿರ: ಹೋಗಿ ಬನ್ನಿ, ಮಾತ್ರೆಯ ಚೀಟಿ ಜತೆಗಿರಲಿ

ಶಿರಸಿ ಪೇಟೆ ದಾಟಿ ಸ್ವಲ್ಪ ಒಳಗೆ, ಅಡಕೆ ತೋಟದ ಅಂಚಿನ ಹಳೆಯ ಹಂಚಿನ ಮನೆಯೊಂದರಲ್ಲಿ ಆಹಾರ ಮತ್ತು ಜೀವನಕ್ರಮದ ವಸತಿ ಶಿಬಿರ ನಡೆಯುತ್ತದೆ. ಕಳೆದ ಬೇಸಿಗೆಯ ಆರಂಭದಲ್ಲಿ ನಾನು ಮತ್ತು ನಮ್ಮ ಯಜಮಾನರು ಅಲ್ಲಿದ್ದು ಬಂದೆವು. ಅಂದಿನಿಂದ ಕುಮಟಾ ಪೇಟೆಯಲ್ಲಿ ಎದುರಾದವರೆಲ್ಲ ಕೇಳುವುದು ಎರಡೇ ಪ್ರಶ್ನೆ: ತೂಕ ಎಷ್ಟು ಇಳಿಯಿತು, ಮೀನು ಬಿಡಿಸಿದರೇ? ಎರಡಕ್ಕೂ ಮುಂದೆ ಉತ್ತರವಿದೆ. ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೋಗಿ ಬನ್ನಿ, ಕೊಟ್ಟ ಹಣಕ್ಕೆ ಮೋಸವಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಅಲ್ಲಿಯ ಉಪವಾಸಕ್ಕೆ ಕೂರುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು. ಹೊರಡುವಾಗ ಬಾಗಿಲ ಬಳಿಯ ಕಪಾಟಿನಿಂದ ಏನನ್ನೂ ಕೊಳ್ಳುವ ಅಗತ್ಯವಿಲ್ಲ.

ಹೊಗಳಿಕೆಯ ಜತೆ ದೂರೂ ಇರುವುದರಿಂದ ಶಿಬಿರದ ಹೆಸರು ಹಾಕುತ್ತಿಲ್ಲ. ನಡೆಸುವವರಿಗೆ ನನ್ನ ದೂರುಗಳನ್ನು ಎದುರಿಗೇ ಹೇಳಿದ್ದೇನೆ, ಪತ್ರದಲ್ಲೂ ಬರೆದಿದ್ದೇನೆ. ನಮ್ಮ ಕಡೆಯವರು ಶಿರಸಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿದರೆ ದಾರಿ ಸಿಗುತ್ತದೆ.

ನಾನು ನಿವೃತ್ತ ಹೈಸ್ಕೂಲು ಶಿಕ್ಷಕಿ, ವಿಷಯ ವಿಜ್ಞಾನ. ಹೋಗುವ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.3 ಇತ್ತು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಂಕಿ ಅದು. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಯಜಮಾನರಿಗೆ ರಕ್ತದೊತ್ತಡ, ಮೇಲೆ ಕವಳದ, ಅಂದರೆ ಎಲೆ ಅಡಕೆಯ ಅಭ್ಯಾಸ. ನನಗೆ ಸಕ್ಕರೆಯ ಮಾತ್ರೆ ಶುರುಮಾಡುವ ಮೊದಲು ಊಟ, ನಿದ್ದೆ, ನಡಿಗೆಯನ್ನು ಸರಿಮಾಡಿ ಮೂರು ತಿಂಗಳು ನೋಡೋಣ ಎಂದು ಕುಮಟಾದ ನಮ್ಮ ವೈದ್ಯರೇ ಹೇಳಿದ್ದರು. ಹಾಗಾಗಿ ದೇವಿಮನೆ ಘಟ್ಟ ಹತ್ತಿದೆವು.

ಶಿಬಿರದ ಮುಖ್ಯಸ್ಥೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದಲ್ಲಿ ಬಿ.ಎನ್.ವೈ.ಎಸ್. ಪದವಿ ಪಡೆದ ವೈದ್ಯೆ. ವಯಸ್ಸಿನಲ್ಲಿ ನನ್ನ ಮಗಳಾಗಬಹುದು. ಜಗಲಿಯ ಗೋಡೆಯಲ್ಲಿ ತೈತ್ತಿರೀಯ ಉಪನಿಷತ್ತಿನ ಐದು ಕೋಶಗಳ ಚಿತ್ರಪಟ ತೂಗುಹಾಕಿದ್ದಾರೆ: ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಅದನ್ನು ನೋಡಿದಾಗ ಇನ್ನು ಪ್ರವಚನವೇ ಗತಿ ಎಂದುಕೊಂಡೆ. ಪ್ರವಚನ ಬರಲಿಲ್ಲ. ಆಕೆ ಆ ಪಟದ ಕೆಳಗೆ ಚಾಪೆ ಹಾಸಿ ಕೂರಿಸಿ ಕೇಳಿದ್ದು ಮನೆಯ ಸುದ್ದಿ. ಎಷ್ಟು ಗಂಟೆಗೆ ಊಟ? ಯಾರ ಜತೆ? ಎಲ್ಲಿ ಕುಳಿತು? ಬಡಿಸುವವರು ಯಾರು, ಬಡಿಸಿದವರು ಯಾವಾಗ ಉಣ್ಣುತ್ತಾರೆ? ರಾತ್ರಿ ನಿದ್ದೆ ಹತ್ತುವ ಮುಂಚೆ ಮನಸ್ಸು ಎಲ್ಲಿ ಓಡುತ್ತದೆ? ತೂಕ ನೋಡಿದ್ದು, ಸೊಂಟದ ಸುತ್ತಳತೆ ಅಳೆದದ್ದು, ರಕ್ತದ ವರದಿ ಓದಿದ್ದು ಎಲ್ಲ ಆಮೇಲೆ. ನಮ್ಮ ಹೆಂಗಸರಿಗೆ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು, ಗಂಡಸರಿಗೆ 90. ಈ ಅಂಕಿಗಳನ್ನು ಹೇಳುವಾಗಲೂ ಹೆದರಿಸಲಿಲ್ಲ.

ಇಷ್ಟು ಹೊತ್ತು ಯಾವ ವೈದ್ಯರೂ ನನ್ನ ಮಾತು ಕೇಳಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಬಾಗಿಲಲ್ಲಿ ಸಾಲು ನಿಂತಿರುತ್ತದೆ. ಆದರೂ ಊಟದ ವಿಚಾರದಲ್ಲಿ ಈ ಕೇಳುವಿಕೆಯೇ ಅರ್ಧ ಚಿಕಿತ್ಸೆ ಎಂದು ಅಲ್ಲಿಂದ ಬಂದ ಮೇಲೆ ನನಗೆ ಖಾತ್ರಿಯಾಗಿದೆ.

ಶಿಬಿರದ ಜೀವಾಳ ಒಂದು ನೋಟುಬುಕ್ಕು. ಮಕ್ಕಳ ಗೆರೆ ಪುಸ್ತಕದಷ್ಟೇ ದೊಡ್ಡದು. ಪ್ರತಿ ಪುಟದಲ್ಲಿ ಮೂರು ಅಂಕಣ: ಹೊಟ್ಟೆ, ಬಾಯಿ, ಮನಸ್ಸು. ಏನನ್ನೇ ಬಾಯಿಗೆ ಹಾಕುವ ಮುಂಚೆ ಸಮಯ ಬರೆದು, ಕೇಳುತ್ತಿರುವುದು ಯಾರು ಎಂದು ನೋಡಿ ಒಂದು ಗೀಟು ಹಾಕಬೇಕು. ಹೊಟ್ಟೆ ಕೇಳುತ್ತಿದೆಯೋ, ಬಾಯಿ ಕೇಳುತ್ತಿದೆಯೋ, ಮನಸ್ಸು ಕೇಳುತ್ತಿದೆಯೋ. ತಿನ್ನಬೇಡಿ ಎಂದು ಯಾರೂ ಹೇಳುವುದಿಲ್ಲ. ಗೀಟು ಹಾಕಿ ಆಮೇಲೆ ತಿನ್ನಿ, ಅಷ್ಟೇ. ಶಿಬಿರಕ್ಕೆ ಬರುವ ಎರಡು ವಾರ ಮೊದಲೇ ಇದನ್ನು ಅಂಚೆಯಲ್ಲಿ ಕಳುಹಿಸುತ್ತಾರೆ, ಮನೆಯಲ್ಲೇ ತುಂಬಿಸಿ ತರಬೇಕು.

ನನ್ನ ಪುಟಗಳಲ್ಲಿ ಬೆಳಗಿನ ತಿಂಡಿಯ ಎದುರು ಹೊಟ್ಟೆ ಇತ್ತು, ಮಧ್ಯಾಹ್ನದ ಊಟದ ಎದುರೂ ಹೊಟ್ಟೆಯೇ. ಸಂಜೆ ನಾಲ್ಕು ಗಂಟೆಯ ಚಹಾ, ಖಾರಿ, ಶೇವುಗಳ ಎದುರು ಮಾತ್ರ ಮನಸ್ಸು, ಮನಸ್ಸು, ಮನಸ್ಸು ಎಂದು ಸಾಲಾಗಿ ಇಳಿದಿತ್ತು. ವೈದ್ಯೆ ಆ ಪುಟಗಳನ್ನು ಎರಡು ಸಲ ತಿರುವಿದರು.

"ಅಕ್ಕೋರೇ, ಮೊದಲು ನಾಲ್ಕು ಗಂಟೆಗೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು?"

ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ನಾಲ್ಕು ಗಂಟೆಗೆ ಅವರನ್ನು ಎಬ್ಬಿಸಿ, ದಿಂಬಿಗೆ ಒರಗಿಸಿ, ಚಹಾ ಆರಿಸಿ ಕುಡಿಸುತ್ತಿದ್ದೆ. ಖಾರಿಯನ್ನು ಚಹಾದಲ್ಲಿ ಅದ್ದಿ ತಿನ್ನಿಸುತ್ತಿದ್ದೆ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಆ ಹೊತ್ತಿಗೆ ಕೆಲಸವಿರಲಿಲ್ಲ. ಖಾರಿಯ ಡಬ್ಬಿ ಮಾತ್ರ ಇತ್ತು. ಇದನ್ನು ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಆಕೆ ಸುಮ್ಮನೆ ಕುಳಿತಿದ್ದರು. ಆಮೇಲೆ ಇಷ್ಟೇ ಹೇಳಿದರು: "ಡಬ್ಬಿಯನ್ನು ಬೈಯುವುದು ಬೇಡ. ಆ ಹೊತ್ತಿಗೆ ಇನ್ನೊಬ್ಬರಿಗೆ ಏನನ್ನಾದರೂ ಕೊಡುವ ಕೆಲಸವೊಂದನ್ನು ಹುಡುಕಿಕೊಳ್ಳಿ."

ಈಗ ನಮ್ಮ ಕೇರಿಯ ನಾಲ್ಕಾರು ಮಕ್ಕಳು ಆ ಹೊತ್ತಿಗೆ ಗಣಿತ ಹೇಳಿಸಿಕೊಳ್ಳಲು ಬರುತ್ತಾರೆ. ಅವರಿಗೆ ಆಸರಿಗೆಂದು ಮುರುಗಲು ಪಾನಕವನ್ನೋ ಮಜ್ಜಿಗೆಯನ್ನೋ ಕೊಡುತ್ತೇನೆ, ನಾನೂ ಅದನ್ನೇ ಕುಡಿಯುತ್ತೇನೆ. ನನ್ನ ಲೋಟದ ಪಾನಕಕ್ಕೆ ಸಕ್ಕರೆ ಇಲ್ಲ, ಉಪ್ಪು ಜೀರಿಗೆ ಮಾತ್ರ. ಶಿಬಿರಕ್ಕೆ ಕೊಟ್ಟ ಹಣ ಈ ಒಂದು ಪ್ರಶ್ನೆಗೇ ಸಂದಿತು ಎನ್ನಬೇಕು. ದೇಹ, ಮನಸ್ಸು, ಆತ್ಮ ಎಂದು ಜಾಹೀರಾತುಗಳಲ್ಲಿ ಸಲೀಸಾಗಿ ಬರೆಯುವುದನ್ನು ನೋಡಿದ್ದೇನೆ. ಆ ಮೂರಕ್ಕೂ ಒಂದಕ್ಕೊಂದು ನಂಟು ಇದೆ ಎಂದು ನನಗೆ ಮನದಟ್ಟಾದದ್ದು ಖಾರಿಯ ಡಬ್ಬಿಯಲ್ಲಿ.

ಇನ್ನು ಊಟ. ಘಟ್ಟದ ಮೇಲಿನ ಅಡುಗೆಯನ್ನು ನಾನು ಮದುವೆ ಮನೆಗಳಲ್ಲಿ ಉಂಡಿದ್ದೆ, ದಿನನಿತ್ಯದ ಅಡುಗೆಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಡುಗೆಮನೆಯ ಅಕ್ಕ ಬೆಳಿಗ್ಗೆಯೇ ತೋಟದ ಕಾಲುವೆ ಬದಿಯಿಂದ ಒಂದೆಲಗ ಕಿತ್ತು ತರುತ್ತಿದ್ದರು. ಬೇರಿನ ಮಣ್ಣು ಹೋಗುವವರೆಗೆ ಮೂರು ನೀರಿನಲ್ಲಿ ತೊಳೆದು, ದಂಟಿನೊಂದಿಗೇ ಹೆಚ್ಚಿಟ್ಟು, ಪುಟ್ಟ ಬಾಣಲೆಯಲ್ಲಿ ಅರ್ಧ ಚಮಚ ತುಪ್ಪಕ್ಕೆ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಜೀರಿಗೆ ಚಿಟಿಗುಟ್ಟಿದೊಡನೆ ಕೆಳಗಿಳಿಸುತ್ತಿದ್ದರು. ಅದರ ಬಿಸಿಯಲ್ಲೇ ಎಲೆ ಬಾಡುತ್ತದೆ, ಮತ್ತೆ ಒಲೆಗೆ ಇಡುವಂತಿಲ್ಲ. ಆಮೇಲೆ ಕಾಯಿತುರಿಯ ಜತೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ, ಉಪ್ಪು. ತಂಬುಳಿ ಕುದಿಯಬಾರದು ಎಂಬುದು ಅವರ ಕಟ್ಟುನಿಟ್ಟು. ಕಾಯಿಯನ್ನು ಕೈ ಬಿಟ್ಟು ಹಾಕಲು ಹೋದ ನನ್ನನ್ನು ತಡೆದು, "ಸೊಪ್ಪಿನ ರುಚಿ ಬಾಯಿಗೆ ಸಿಗಬೇಕು ಅಕ್ಕಾ, ಕಾಯಿಯದಲ್ಲ" ಎಂದರು. ಮರುದಿನ ದೊಡ್ಡಪತ್ರೆ, ಅದರ ಮರುದಿನ ನೆಲ್ಲಿಕಾಯಿ. ಇಷ್ಟು ಬಗೆಯ ಸೊಪ್ಪು ನಮ್ಮ ಕರಾವಳಿಯ ಹಿತ್ತಿಲುಗಳಲ್ಲೂ ಬೆಳೆಯುತ್ತದೆ. ನಾವು ಅದನ್ನು ತುಳಿದುಕೊಂಡು ಹೋಗಿ ಪೇಟೆಯಿಂದ ಹೂಕೋಸು ತರುತ್ತೇವೆ. ಇದಕ್ಕೆ ನನಗೆ ನಿಜವಾಗಿಯೂ ಬೇಸರವಿದೆ.

ಬಡಿಸುವ ಕ್ರಮವನ್ನು ವಿಜ್ಞಾನ ಶಿಕ್ಷಕಿಯಾಗಿ ಬಹಳ ಮೆಚ್ಚಿದೆ. ಬಾಳೆಲೆಯ ಮೇಲೆ ಮೊದಲು ಕೋಸಂಬರಿ, ಪಲ್ಯ. ಅವೆರಡನ್ನೂ ಮುಗಿಸಿದ ಮೇಲೆ ಅನ್ನ ಬರುತ್ತದೆ. ತರಕಾರಿ, ಬೇಳೆಗಳನ್ನು ಮೊದಲು ತಿಂದು ಅನ್ನವನ್ನು ಆಮೇಲೆ ಉಂಡರೆ ರಕ್ತದ ಸಕ್ಕರೆ ಏಕಾಏಕಿ ಏರುವುದಿಲ್ಲ ಎಂದು ಈಚಿನ ಅಧ್ಯಯನಗಳು ತೋರಿಸಿವೆ. ನಮ್ಮ ಹಬ್ಬದೂಟದ ಎಲೆಯಲ್ಲಿ ಈ ಕ್ರಮ ಯಾವತ್ತಿನಿಂದಲೋ ಇದೆ. ತಟ್ಟೆ ಬಂದ ಮೇಲೆ ಅನ್ನದ ಗುಡ್ಡೆ ಮೊದಲಾಯಿತು, ಪಲ್ಯ ನೆಂಚಿಕೊಳ್ಳುವ ವಸ್ತುವಾಯಿತು. ಅನ್ನ ಕೆಂಪು ಕುಚ್ಚಲಕ್ಕಿಯದು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ, ಆಮೇಲೆ ಗಿರಣಿಗೆ ಹಾಕಿದರೂ ಪೂರ್ತಿ ನಷ್ಟವಾಗುವುದಿಲ್ಲ. ಊಟದ ಕಾರಣವನ್ನು ಹೀಗೆ ವಿವರಿಸುವ ಪದ್ಧತಿ ಅಲ್ಲಿದೆ, ನನ್ನಂಥವರಿಗೆ ಅದು ಬೇಕು.

ಉಣ್ಣುವಾಗ ಮೊದಲ ಹತ್ತು ತುತ್ತಿನವರೆಗೆ ಮಾತಿಲ್ಲ. ಮೊಬೈಲುಗಳು ಬೇರೆ ಕೋಣೆಯಲ್ಲಿರುತ್ತವೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷದಷ್ಟು ಬೇಕು, ಮನೆಯಲ್ಲಿ ಅಷ್ಟು ಹೊತ್ತಿಗೆ ನಮ್ಮ ಕೈ ತೊಳೆದು ಆಗಿರುತ್ತದೆ. ಕೊನೆಯಲ್ಲಿ ಅಪ್ಪೆಹುಳಿ. ಅಪ್ಪೆಮಿಡಿಯನ್ನು ಬೇಯಿಸಿ ಕಿವುಚಿ, ನೀರಾಗಿ ಮಾಡಿ, ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟದ್ದು. ಅದನ್ನು ಕುಡಿದರೆ ನಿದ್ದೆ ಬರುತ್ತದೆ ಎಂದು ಶಿರಸಿಯವರು ಹೇಳುತ್ತಾರೆ. ಯಜಮಾನರಿಗೆ ಮೊದಲ ಮಧ್ಯಾಹ್ನವೇ ಬಂತು. ಆದರೆ ಊಟವಾದ ಮೇಲೆ ಕಾಲು ಗಂಟೆ ತೋಟದಲ್ಲಿ ನಡೆಯದೆ ಮಲಗಲು ಬಿಡುವುದಿಲ್ಲ. ಊಟದ ನಂತರದ ನಡಿಗೆಯಲ್ಲಿ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ರಾತ್ರಿಯ ಊಟ ಏಳು ಗಂಟೆಗೆ, ಗಂಜಿ ಮತ್ತು ಚಟ್ನಿ. ಹತ್ತಕ್ಕೆ ದೀಪ ಆರುತ್ತದೆ.

ಬೆಳಗಿನ ತಿಂಡಿಯ ಬಗ್ಗೆ ಒಂದು ತಕರಾರಿದೆ. ತೆಳ್ಳೇವು ಎಂಬ ತೆಳು ದೋಸೆಗೆ ಜೋನಿಬೆಲ್ಲ ಹಾಕಿ ಬಡಿಸುತ್ತ, ಇದರಲ್ಲಿ ಸಕ್ಕರೆ ಇಲ್ಲ, ಸಹಜವಾದದ್ದು ಎಂದು ಸಹಾಯಕರೊಬ್ಬರು ಹೇಳುತ್ತಿದ್ದರು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರಬಹುದು, ರಕ್ತಕ್ಕೆ ಹೋದರೆ ಅದೂ ಸಕ್ಕರೆಯೇ. ವೈದ್ಯೆಗೆ ಹೇಳಿದೆ. ಮಾರನೆಯ ದಿನದಿಂದ ಸಕ್ಕರೆ ಹೆಚ್ಚಿರುವವರ ಪಂಕ್ತಿಗೆ ಚಟ್ನಿ ಮಾತ್ರ ಬಂತು.

ಮೀನಿನ ಪ್ರಶ್ನೆಗೆ ಬರುತ್ತೇನೆ. ಶಿಬಿರದ ಅಡುಗೆ ಸಂಪೂರ್ಣ ಸಸ್ಯಾಹಾರ. ಅದಕ್ಕೆ ನನ್ನ ಆಕ್ಷೇಪವಿಲ್ಲ, ಅವರ ಮನೆ, ಅವರ ಒಲೆ. ಆದರೆ ಎರಡನೆಯ ಸಂಜೆ ಸಾತ್ವಿಕ, ರಾಜಸ, ತಾಮಸ ಎಂದು ಉಪನ್ಯಾಸ ಕೊಟ್ಟ ಸಹಾಯಕರು ಮೀನನ್ನು ತಾಮಸದ ಸಾಲಿಗೆ ಹಾಕಿ, ಮೀನು ತಿನ್ನುವವರ ಮನಸ್ಸು ಮಂದವಾಗುತ್ತದೆ ಎಂದರು. ಕೇಳುತ್ತ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕರಾವಳಿಯವರು: ಕಾರವಾರದ ಇಬ್ಬರು, ಅಂಕೋಲೆಯ ಒಂದು ಕುಟುಂಬ, ಭಟ್ಕಳದ ಒಬ್ಬ ನವಾಯತ ಮುಸ್ಲಿಂ ಹೆಂಗಸು, ನಾವು. ನಾನು ಎದ್ದು ನಿಂತೆ. ನಸುಕಿನಲ್ಲಿ ದಡಕ್ಕೆ ಬಂದು, ಬುಟ್ಟಿಯಲ್ಲಿ ಬಾಗಿಲಿಗೆ ಬಂದು, ಮಧ್ಯಾಹ್ನಕ್ಕೆ ಸಾರಾಗುವ ತಾರ್ಲೆ ಮೀನಿನಷ್ಟು ತಾಜಾ ಆಹಾರ ಇನ್ನಾವುದಿದೆ? ಹೃದಯಕ್ಕೆ ಬೇಕಾದ ಒಮೆಗಾ-3 ಕೊಬ್ಬು ಅದರಲ್ಲಿದೆ, ಡಿ ಜೀವಸತ್ವ ಇದೆ, ಎಲುಬಿನೊಂದಿಗೆ ತಿಂದರೆ ಕ್ಯಾಲ್ಸಿಯಂ ಇದೆ, ಬೆಲೆಯೂ ಬಡವರ ಕೈಗೆಟಕುತ್ತದೆ. ತಲೆಮಾರುಗಳಿಂದ ಇದನ್ನು ಉಂಡು ಗದ್ದೆ ಗೇಯ್ದ, ದೋಣಿ ನಡೆಸಿದ, ಹಾಡು ಕಟ್ಟಿದ ಜನರನ್ನು ಮಂದಬುದ್ಧಿಯವರೆಂದು ಆತ್ಮದ ಹೆಸರಿನಲ್ಲಿ ಯಾರೂ ಕರೆಯಬಾರದು. ಆಹಾರದಿಂದ ಮನುಷ್ಯರನ್ನು ಮೇಲು ಕೀಳು ಮಾಡುವ ಮಾತು ಬಂದ ಕಡೆ ಪೋಷಣೆಯ ಮಾತು ಮುಗಿಯುತ್ತದೆ. ಇಷ್ಟನ್ನು ಹೇಳಿ ಕುಳಿತೆ, ಕೈ ನಡುಗುತ್ತಿತ್ತು.

ವೈದ್ಯೆ ಅಂದು ರಾತ್ರಿಯೇ ನಮ್ಮ ಕೋಣೆಗೆ ಬಂದು ಕ್ಷಮೆ ಕೇಳಿದರು. ಮರುದಿನ ಎಲ್ಲರೆದುರು, ಈ ಶಿಬಿರದಲ್ಲಿ ಮೀನು ಬಿಡಿ ಎಂಬ ಸಲಹೆ ಇಲ್ಲ ಎಂದರು. ಹೊರಡುವಾಗ ಕೊಟ್ಟ ಊಟದ ಪಟ್ಟಿಯಲ್ಲಿ ಬಂಗಡೆ, ತಾರ್ಲೆ ಎರಡೂ ಇದ್ದವು. ಎಣ್ಣೆಯಲ್ಲಿ ಮುಳುಗಿಸಿ ಹುರಿಯುವ ಬದಲು ಸಾರು, ಇಲ್ಲವೇ ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಿದ್ದು ಎಂದು ಬರೆದಿದ್ದರು. ಒಣಮೀನಿನ ವಿಷಯದಲ್ಲಿ ಮಾತ್ರ ಬಿಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಒಣಮೀನೇ ಆಧಾರ. ಜತೆಗೆ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಒಂದು ಚಹಾ ಚಮಚದಷ್ಟು. ರಕ್ತದೊತ್ತಡ ಇರುವವರ ಎಲೆಯಲ್ಲಿ ಈ ಮೂರೂ ಒಟ್ಟಿಗೆ ಬಂದರೆ ಮಿತಿ ಎಲ್ಲಿ ಉಳಿಯುತ್ತದೆ? ಒಣಮೀನನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿ, ಸಾರಿಗೆ ಬೇರೆ ಉಪ್ಪು ಹಾಕಬೇಡಿ, ಅಂದು ಉಪ್ಪಿನಕಾಯಿ ಬೇಡ. ಇದು ನಡೆಯುವ ಸಲಹೆ, ನಮ್ಮ ಮನೆಯಲ್ಲಿ ನಡೆಯುತ್ತಿದೆ.

ಕವಳದ ವಿಚಾರದಲ್ಲಿ ಆಕೆಯ ಧೈರ್ಯವನ್ನು ಮೆಚ್ಚಲೇಬೇಕು. ಶಿರಸಿಯಲ್ಲಿ ನಿಂತು ಅಡಕೆಯ ವಿರುದ್ಧ ಮಾತನಾಡುವುದು ಸುಲಭವಲ್ಲ. ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು, ಸಹಕಾರಿ ಸಂಘಗಳನ್ನು ಬೆಳೆಸಿದ್ದು ಅಡಕೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ವೈದ್ಯೆಯೂ ತೋಟದ ಮನೆಯ ಮಗಳೇ. ಯಜಮಾನರು, "ನಾನು ತಂಬಾಕು ಹಾಕುವುದಿಲ್ಲ, ಬರೀ ಎಲೆ, ಅಡಕೆ, ಸುಣ್ಣ" ಎಂದು ಸಮಜಾಯಿಷಿ ಕೊಟ್ಟರು. ಆಕೆ ಮರದ ಬುಡದಲ್ಲಿ ಬಿದ್ದಿದ್ದ ಒಂದು ಗೋಟು ಹೆಕ್ಕಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ನನ್ನನ್ನು ಓದಿಸಿದ್ದು ಇದೇ. ಆದರೂ ನಿಮಗೆ ಸುಳ್ಳು ಹೇಳಲಾರೆ." ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಕವಳವನ್ನೂ, ಅಡಕೆಯನ್ನೂ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದನ್ನು ವಿವರಿಸಿ, ಯಜಮಾನರಿಗೆ ಬಾಯಿ ತೆರೆಯಲು ಹೇಳಿ, ಅವರದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಿಸಿದರು. ಮೂರು ಬೆರಳು ಹಿಡಿಸದಿದ್ದರೆ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಬಿಗಿಯತೊಡಗಿದೆ ಎಂಬ ಸೂಚನೆ. ನಮ್ಮವರಿಗೆ ಮೂರೂ ಹಿಡಿದವು. ನನಗೆ ಉಸಿರು ಬಂದ ಹಾಗಾಯಿತು.

ಆಮೇಲೆ ನೋಟುಬುಕ್ಕು ತೆರೆದರು. ಯಜಮಾನರ ಕವಳದ ಗೀಟುಗಳೆಲ್ಲ ಹೆಚ್ಚು ಬಿದ್ದದ್ದು ಸಂಜೆ ಜಗಲಿಗೆ ಗೆಳೆಯರು ಬಂದ ಹೊತ್ತಿನಲ್ಲಿ. ಹಾಗಾದರೆ ಅವರಿಗೆ ಬೇಕಿದ್ದದ್ದು ಹರಟೆ, ಕವಳ ಅದಕ್ಕೆ ಜತೆ. ಹರಟೆಯನ್ನು ಬಿಡಿಸಬಾರದು, ಅದು ಮನಸ್ಸಿನ ಅನ್ನ ಎಂಬುದು ಆಕೆಯ ವಾದ. ಕವಳದ ತಬಕು ಒಳಗೆ ಹೋಗಬೇಕು, ಹುರಿದ ಬಡೇಸೊಪ್ಪು, ಓಂಕಾಳು, ಒಂದೆರಡು ಲವಂಗದ ಬಟ್ಟಲು ಹೊರಗೆ ಬರಬೇಕು. ಗೆಳೆಯರು ಮೊದಲು ಮುನಿಸಿಕೊಂಡರು, ಈಗ ಅವರೂ ಬಡೇಸೊಪ್ಪಿಗೆ ಕೈ ಹಾಕುತ್ತಾರೆ. ಯಜಮಾನರು ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನ ಊಟದ ಮೇಲಿನ ಒಂದು ಕವಳ ಇನ್ನೂ ಉಳಿದಿದೆ, ಅದಕ್ಕಾಗಿ ನಮ್ಮಲ್ಲಿ ಮಾತು ನಡೆದೇ ಇದೆ.

ಈಗ ನನ್ನ ದೊಡ್ಡ ದೂರು. ಶಿಬಿರದ ನಡುವೆ ಒಂದು ದಿನ ಉಪವಾಸವಿರುತ್ತದೆ: ಎಳನೀರು, ಮಜ್ಜಿಗೆ ನೀರು, ಸೊಪ್ಪಿನ ರಸ. ಅಂದು ವೈದ್ಯೆ ಊರಲ್ಲಿರಲಿಲ್ಲ, ಸಹಾಯಕರು ನಡೆಸಿದರು. ಅಂಕೋಲೆಯ ಆ ಕುಟುಂಬದ ಹಿರಿಯರು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು. ಎಂದಿನಂತೆ ಬೆಳಿಗ್ಗೆ ಮಾತ್ರೆ ನುಂಗಿ ಉಪವಾಸಕ್ಕೆ ಕುಳಿತಿದ್ದರು. ಹನ್ನೊಂದರ ಹೊತ್ತಿಗೆ ಬೆವರು, ನಡುಕ, ಮಾತು ತೊದಲು. ನಾನು ಪಕ್ಕದಲ್ಲೇ ಇದ್ದೆ. ಒಳಗೆ ಓಡಿ ಸಕ್ಕರೆ ಕದಡಿದ ನೀರು ತಂದು ಕುಡಿಸಿದೆವು, ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡರು. ಈ ಗುಂಪಿನ ಮಾತ್ರೆಗಳು ಊಟ ಇರಲಿ ಇಲ್ಲದಿರಲಿ ಮೇದೋಜೀರಕದಿಂದ ಇನ್ಸುಲಿನ್ ಸುರಿಸುತ್ತವೆ, ಊಟವಿಲ್ಲದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಭಯ. ಸೇರುವಾಗ ತುಂಬುವ ಅರ್ಜಿಯಲ್ಲಿ ಮಾತ್ರೆಗಳ ಹೆಸರು ಕೇಳಿರುತ್ತಾರೆ, ಅವರೂ ಬರೆದಿದ್ದರು. ಆ ಕಾಗದ ಕಪಾಟಿನಲ್ಲಿತ್ತು, ಉಪವಾಸ ನಡೆಸುವವರ ಕೈಯಲ್ಲಿರಲಿಲ್ಲ. ಮನಸ್ಸು ಆತ್ಮಗಳನ್ನು ಇಷ್ಟು ಎಚ್ಚರದಿಂದ ನೋಡಿಕೊಳ್ಳುವ ಜಾಗದಲ್ಲಿ ದೇಹದ ವಿಷಯಕ್ಕೆ ಹೀಗಾದದ್ದನ್ನು ನಾನು ಸಣ್ಣದೆಂದು ಒಪ್ಪುವುದಿಲ್ಲ. ಈಗ ಅಂಥವರನ್ನು ಉಪವಾಸಕ್ಕೆ ಕೂರಿಸುವುದಿಲ್ಲ, ವೈದ್ಯೆ ಇಲ್ಲದ ದಿನ ಉಪವಾಸವೇ ಇಲ್ಲ ಎಂದು ನನ್ನ ಪತ್ರಕ್ಕೆ ಉತ್ತರ ಬರೆದಿದ್ದಾರೆ. ಆದರೂ ಹೋಗುವವರು ನೀವೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಭಟ್ಕಳದ ಆ ಹೆಂಗಸು ಅಂದು ಸಂಜೆ ನನ್ನ ಜತೆ ಮಾತನಾಡುತ್ತ, ರಂಜಾನಿನ ಮುಂಚೆ ತಮ್ಮ ವೈದ್ಯರು ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಿಸಿ ಬರೆದುಕೊಡುತ್ತಾರೆ, ಅದಿಲ್ಲದೆ ರೋಜಾ ಹಿಡಿಯುವುದಿಲ್ಲ ಎಂದರು. ಏಕಾದಶಿ, ಸಂಕಷ್ಟಿ ಮಾಡುವ ನಮ್ಮ ಹೆಂಗಸರು ಎಷ್ಟು ಮಂದಿ ಹಾಗೆ ಕೇಳಿದ್ದೇವೆ? ಮೊಸಂಬಿ ರಸ ಕುಡಿದು ಮಾತ್ರೆ ನುಂಗುತ್ತೇವೆ.

ಕಪಾಟಿನ ವಿಷಯ. ಬಾಗಿಲ ಬಳಿ ಜೇನು, ಕಷಾಯದ ಪುಡಿ, ಮುರುಗಲು ಸಿಪ್ಪೆಗಳ ಜತೆ ಉಪ್ಪಗೆಯ ಮಾತ್ರೆ ಇಟ್ಟಿದ್ದಾರೆ, ಬೊಜ್ಜು ಕರಗಿಸುತ್ತದೆ ಎಂಬ ಚೀಟಿಯೊಂದಿಗೆ. ಉಪ್ಪಗೆ ನಮ್ಮ ಕಾಡಿನ ಹಣ್ಣು. ಒಣಗಿಸಿದ ಸಿಪ್ಪೆ ಸಾರಿಗೆ ಹುಳಿಯಾಗುತ್ತದೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಬೇರ್ಪಡಿಸಿ ಮಾತ್ರೆ ಮಾಡಿದರೆ ತೂಕ ಗಮನಾರ್ಹವಾಗಿ ಇಳಿಯುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ, ಇಂಥ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಿಪ್ಪೆ ಬೇಕಿದ್ದರೆ ತೆಗೆದುಕೊಂಡು ಬನ್ನಿ, ಬಂಗಡೆ ಸಾರಿಗೆ ಹಾಕಿ. ಮಾತ್ರೆ ಬೇಡ. ಕಷಾಯದ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: ಕೊತ್ತಂಬರಿ, ಜೀರಿಗೆ ಹೆಚ್ಚು, ಮೆಂತೆ, ಕಾಳುಮೆಣಸು ಕಡಿಮೆ, ಹದವಾಗಿ ಹುರಿದು ಪುಡಿ ಮಾಡಿದರಾಯಿತು.

ಮುಸ್ಸಂಜೆಯ ಹೊತ್ತಿಗೆ ಅಂಗಳದಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಿಸುತ್ತಾರೆ. ಮಂತ್ರವಿಲ್ಲ, ಸಂಗೀತದ ಧ್ವನಿಮುದ್ರಣವಿಲ್ಲ. ದೇವರ ಹೆಸರು ಹೇಳುವವರು ಮನಸ್ಸಿನಲ್ಲಿ ಹೇಳಿಕೊಳ್ಳಬಹುದು. ನವಾಯತ ಹೆಂಗಸು ಆ ಹೊತ್ತಿನ ನಮಾಜು ಮುಗಿಸಿ ಬಂದು ನಮ್ಮ ಜತೆ ಕೂರುತ್ತಿದ್ದರು. ಕಾರವಾರದವರೊಬ್ಬರು ಜಪಮಾಲೆ ಹಿಡಿದು ಕೂರುತ್ತಿದ್ದರು, ಕ್ರಿಶ್ಚಿಯನ್ನರು. ಆತ್ಮದ ಹೆಸರಿನಲ್ಲಿ ಅಲ್ಲಿ ನಡೆದದ್ದು ಇಷ್ಟು. ನನಗೆ ಇದು ಸಾಕೆನಿಸಿತು. ದಿನವಿಡೀ ಬೇರೆಯವರಿಗೆ ಬಡಿಸುತ್ತಲೇ ಬದುಕಿದ ನನ್ನಂಥ ಹೆಂಗಸಿಗೆ ಯಾರೂ ಏನನ್ನೂ ಕೇಳದ ಅರ್ಧ ಗಂಟೆ ಸಿಗುವುದು ಅಪರೂಪ. ಮನೆಗೆ ಬಂದ ಮೇಲೂ ಆ ಅರ್ಧ ಗಂಟೆಯನ್ನು ನಾನು ಬಿಟ್ಟುಕೊಟ್ಟಿಲ್ಲ, ಕರೆ ಬಂದರೂ ಎತ್ತುವುದಿಲ್ಲ.

ತೂಕ? ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದೇನೆ. ಎಚ್‌ಬಿಎ1ಸಿ 5.9ಕ್ಕೆ ಬಂದಿದೆ, ಹೊಸ್ತಿಲಿನಲ್ಲೇ ಇದ್ದೇನೆ, ಈ ಬದಿಗೆ ಒಂದು ಹೆಜ್ಜೆ ಬಂದಿದ್ದೇನೆ. ಯಜಮಾನರ ರಕ್ತದೊತ್ತಡದ ಮಾತ್ರೆ ನಿಂತಿಲ್ಲ, ನಿಲ್ಲಿಸಿ ಎಂದು ಶಿಬಿರದಲ್ಲಿ ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಈ ಬರಹವನ್ನು ಬೇರೆ ಧಾಟಿಯಲ್ಲಿ ಬರೆಯಬೇಕಾಗುತ್ತಿತ್ತು.

ವಾಪಸಾದ ಮೇಲಿನ ನಿಗಾ ಸಾಲದು. ವಾರಕ್ಕೊಮ್ಮೆ ಫೋನ್ ಮಾಡುತ್ತೇವೆ ಎಂದವರು ಮೊದಲ ತಿಂಗಳು ಮಾಡಿದರು, ಆಮೇಲೆ ನಿಂತಿತು. ಅಭ್ಯಾಸ ಬೇರು ಬಿಡುವುದು ಆ ನಂತರದ ತಿಂಗಳುಗಳಲ್ಲಿ, ಕೈ ಹಿಡಿಯಬೇಕಾದದ್ದೂ ಆಗಲೇ. ಇದಕ್ಕಾಗಿ ಬೇಕಿದ್ದರೆ ಇನ್ನೂ ಸ್ವಲ್ಪ ಹಣ ತೆಗೆದುಕೊಳ್ಳಲಿ. ನಮ್ಮ ತಂಡದ ಹೆಂಗಸರು ಈಗ ನಮ್ಮ ನಮ್ಮಲ್ಲೇ ಫೋನ್ ಮಾಡಿಕೊಂಡು ನೋಟುಬುಕ್ಕು ಓದಿ ಹೇಳುತ್ತೇವೆ.

ಕೋಣೆಗಳು ಸಾಧಾರಣ, ಸ್ವಚ್ಛ. ಸ್ನಾನಕ್ಕೆ ಹಂಡೆಯ ಬಿಸಿನೀರು. ಒಬ್ಬರಿಗೆ ದಿನಕ್ಕೆ ಎರಡು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ, ಊಟ, ವಸತಿ, ಸಮಾಲೋಚನೆ ಎಲ್ಲ ಸೇರಿ. ನೆಲದ ಮೇಲೆ ಕೂರಲಾಗದವರು ಮೊದಲೇ ತಿಳಿಸಿದರೆ ಮೇಜು ಕುರ್ಚಿ ಹಾಕಿಕೊಡುತ್ತಾರೆ. ಕುಮಟಾದಿಂದ ಸುಮಾರು 60 ಕಿಲೋಮೀಟರ್, ಬಸ್ಸಿನಲ್ಲಿ ಶಿರಸಿಗೆ ಬಂದು ಅಲ್ಲಿಂದ ಆಟೋ. ಮಳೆಗಾಲದಲ್ಲಿ ಹೋಗುವವರು ಘಟ್ಟದ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ತೋಟದ ನಡಿಗೆಗೆ ಉಂಬಳದ ಕಾಟ ಇರುತ್ತದೆ, ಉದ್ದ ಕಾಲುಚೀಲ ಇಟ್ಟುಕೊಳ್ಳಿ. ಮಾತ್ರೆಗಳ ಚೀಟಿಯನ್ನು ಎರಡು ಪ್ರತಿ ಮಾಡಿಸಿ, ಒಂದು ಪ್ರತಿಯನ್ನು ಅಡುಗೆಮನೆಯ ಅಕ್ಕನ ಕೈಗೇ ಕೊಡಿ.